ಚಾರ್ಜು ನಿಲ್ಲದ ಕಾರು

ಕಾರು ಮತ್ತೆ ಕೈ ಕೊಟ್ಟಿತು. ಕೀಲಿ ತಿರುಗಿಸಿದರೆ ಟಕ್ ಟಕ್ ಎಂದಿತು, ಅಷ್ಟೇ. ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಮಿನುಗಿ ಆರಿಹೋದವು. ನಾನು ಸ್ಟೀರಿಂಗಿಗೆ ಗುದ್ದಿದೆ. ಹಿಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನ್ನ ಹೆಂಡತಿ, "ಹೋಗ್ಲಿ ಬಿಡಿ, ಅದಕ್ಕೂ ವಯಸ್ಸಾಯ್ತು. ಯಾಕೆ ಹೊಡೀತೀರಿ ಪಾಪ," ಎಂದಳು.

ಪಾಪವಂತೆ ಪಾಪ! ಇವಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ದಿನ ಬಿಟ್ಟು ದಿನ ಊರಾಚೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕು. ನಮ್ಮದು ಬೆಳಗಿನ ಮೊದಲ ಸರದಿ. ತಡವಾದರೆ ಆ ಮಂಚ ಇನ್ನೊಬ್ಬರ ಪಾಲು. ಆ ಹೊತ್ತಿನಲ್ಲಿ ನಮ್ಮ ಬೀದಿಗೆ ಟ್ಯಾಕ್ಸಿಯವರನ್ನು ಕರೆದರೆ ಬಂದೆ ಬಂದೆ ಎನ್ನುತ್ತಾರೆ, ಬರುವುದಿಲ್ಲ. ಹೀಗೆ ಸರದಿ ತಪ್ಪಿದ್ದು ಒಂದೆರಡು ಸಲವಲ್ಲ. ಕಳೆದ ಬಾರಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮೈಯೆಲ್ಲ ಊದ್ಕೊಂಡಿದೆ, ನೋಡಿದ್ರಾ? ಹೀಗೇ ತಪ್ಪಿಸ್ತಾ ಹೋದ್ರೆ ಶ್ವಾಸಕೋಶಕ್ಕೆ ನೀರು ತುಂಬುತ್ತೆ. ಆಮೇಲೆ ನನ್ನ ಕೇಳ್ಬೇಡಿ," ಎಂದಿದ್ದರು.

ಗ್ಯಾರೇಜಿನವನು ಕಾರನ್ನು ಬಿಟ್ಟು ಹೋಗಿ ಎನ್ನುತ್ತಾನೆ. ದಿನ ಬಿಟ್ಟು ದಿನ ಬೇಕಾದ ಗಾಡಿಯನ್ನು ಬಿಟ್ಟು ಬರುವುದು ಹೇಗೆ? ಅಲ್ಲದೆ ನಾನೇನು ಕರೆಂಟು ಕಾಣದವನಲ್ಲ. ಜೀವಮಾನವಿಡೀ ಮೋಟರ್ ವೈಂಡಿಂಗ್ ಮಾಡಿದವನು. ಸುಟ್ಟ ಮಿಕ್ಸಿ, ಕೂತ ಪಂಪು, ಗೊರಗೊರ ಫ್ಯಾನು, ಎಲ್ಲಕ್ಕೂ ಜೀವ ಕೊಟ್ಟ ಕೈ ಇದು. ಮನೆಯಲ್ಲೇ ನೋಡೇಬಿಡುತ್ತೇನೆ ಎಂದು ಪಟ್ಟು ಹಿಡಿದೆ.

ಮೊದಲು ಬ್ಯಾಟರಿಯ ಮೇಲೆ ಅನುಮಾನ. ಹೊಸದು ತಂದು ಹಾಕಿದೆ. ಮೀಟರು ಇಟ್ಟರೆ ಹನ್ನೆರಡೂವರೆ ವೋಲ್ಟು, ಗಟ್ಟಿಮುಟ್ಟು. ಒಂದು ಸರದಿಗೆ ಹೋಗಿ ಬಂದೆವು. ಮುಂದಿನ ಸರದಿಯ ಬೆಳಿಗ್ಗೆ ನೋಡಿದರೆ ಹೊಸ ಬ್ಯಾಟರಿಯೂ ಮಲಗಿತ್ತು.

ಹಾಗಾದರೆ ಇಂಜಿನ್ ಓಡುವಾಗ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜು ಮಾಡುತ್ತಿಲ್ಲ ಎಂದುಕೊಂಡೆ. ಮಧ್ಯಾಹ್ನದವರೆಗೆ ಚಾರ್ಜರಿಗೆ ಹಾಕಿ, ಇಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ ನಿಂತೆ. ಅದು ಹೇಗೆ ವಾಸನೆ ಬಡಿಯಿತೋ, ಪಕ್ಕದ ಮನೆಯ ಡ್ರೈವರು ಹಾಜರು. ಜೀವಮಾನವಿಡೀ ಬಸ್ಸು ಓಡಿಸಿದ ಆಸಾಮಿ. ಈಗ ಸ್ವಂತಕ್ಕೆ ಒಂದು ಸೈಕಲ್ಲೂ ಇಲ್ಲ, ಸಲಹೆಗೆ ಮಾತ್ರ ಬರವಿಲ್ಲ.

"ಸ್ಪ್ಯಾನರ್ ಕೊಡಿ ಇಲ್ಲಿ," ಎಂದ. "ಇಂಜಿನ್ ಓಡ್ತಿರೋವಾಗ್ಲೇ ಬ್ಯಾಟರಿ ತಂತಿ ಕೀಳೋಣ. ಇಂಜಿನ್ ನಿಂತ್ರೆ ಆಲ್ಟರ್ನೇಟರ್ ಔಟು. ಡಿಪೋದಲ್ಲಿ ನಾವು ಮಾಡ್ತಿದ್ದಿದ್ದೇ ಹಾಗೆ."

"ಮುಟ್ಟಿದ್ರೆ ಕೈ ಮುರೀತೀನಿ ನೋಡಿ! ಇದು ನಿಮ್ಮ ಡಕೋಟ ಬಸ್ಸಲ್ಲ. ಓಡೋ ಗಾಡೀಲಿ ತಂತಿ ಕಿತ್ರೆ ವೋಲ್ಟೇಜು ಮೇಲಕ್ಕೆ ಹಾರಿ ಒಳಗಿರೋ ಕಂಪ್ಯೂಟರೆಲ್ಲ ಭಸ್ಮ."

"ಅಯ್ಯೋ, ಒಳ್ಳೇದು ಹೇಳಿದ್ರೂ ಉಗೀತಾರಲ್ಲಪ್ಪ. ಹೋಗ್ಲಿ, ತಳ್ಳಿ ಸ್ಟಾರ್ಟ್ ಮಾಡೋಣ ಅಂದ್ರೆ ಗೇರೇ ಇಲ್ಲದ ಆಟೋಮ್ಯಾಟಿಕ್ ಗಾಡಿ ತಗೊಂಡು ಕೂತಿದೀರಿ," ಎಂದು ಗೊಣಗುತ್ತ ಅವನು ನಮ್ಮ ಜಗಲಿಯ ಮೇಲೇ ಕೂತ.

ಮೀಟರು ಹದಿನಾಲ್ಕು ವೋಲ್ಟು ದಾಟಿತು. ಹೆಡ್‌ಲೈಟು, ಏಸಿ, ಹಿಂದಿನ ಗಾಜಿನ ಹೀಟರು, ಎಲ್ಲವನ್ನೂ ಹಾಕಿದೆ. ಆದರೂ ಅದು ಕೆಳಗಿಳಿಯಲಿಲ್ಲ. ಅಂದರೆ ಆಲ್ಟರ್ನೇಟರ್ ಸರಿಯಾಗಿದೆ, ಬ್ಯಾಟರಿ ಸರಿಯಾಗಿದೆ, ಬೆಲ್ಟೂ ಬಿಗಿಯಾಗಿದೆ. ಮತ್ತೆ ಬೆಳಗಾಗುವಷ್ಟರಲ್ಲಿ ಕರೆಂಟು ಹೋಗುವುದು ಎಲ್ಲಿಗೆ? ತಲೆ ಚಿಟ್ಟು ಹಿಡಿದುಹೋಯಿತು. ಅವಳು ಮಾತ್ರ ಒಳಗಿನಿಂದ ಕಾಫಿ ತಂದು ನಮ್ಮಿಬ್ಬರ ಕೈಗೂ ಇಟ್ಟು, "ಡ್ರೈವರಣ್ಣ, ನೀವಾದ್ರೂ ಇವರಿಗೆ ಬುದ್ಧಿ ಹೇಳಿ. ಕಾರು ಕಾರು ಅಂತ ಇವರೇ ಕಾರಾಗ್ತಿದ್ದಾರೆ," ಎಂದು ನಕ್ಕಳು. ಕಾರು ಕೆಟ್ಟ ದಿನ ಅವಳ ಮುಖದಲ್ಲಿ ಏನೋ ಒಂದು ಗೆಲುವು. ನನಗೆ ಧೈರ್ಯ ತುಂಬಲು ಹಾಗೆ ಮಾಡುತ್ತಾಳೆ ಎಂದುಕೊಂಡೆ. ಎಂಥ ಮಂಕುದಿಣ್ಣೆ ನಾನು!

ಉಳಿದದ್ದು ಒಂದೇ ದಾರಿ. ನಿಂತ ಗಾಡಿಯಲ್ಲಿ ಯಾವುದೋ ಒಂದು ಕದ್ದು ಕರೆಂಟು ಕುಡಿಯುತ್ತಿರಬೇಕು. ಅದನ್ನು ಹಿಡಿಯಲು ಬ್ಯಾಟರಿಯ ಒಂದು ತಂತಿಯನ್ನು ಬಿಚ್ಚಿ, ನಡುವೆ ಮೀಟರನ್ನು ಸೇರಿಸಬೇಕು. ಕಾರಿಗೆ ಹೋಗುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು. ಹಗಲು ಹಾಗೆ ನೋಡಿದಾಗ ಕಾರಿನ ಗಡಿಯಾರ ಓಡಲು ಬೇಕಾಗುವಷ್ಟು ಬಿಟ್ಟರೆ ಏನೂ ಇಲ್ಲ. ಮರುದಿನ ಅವಳ ಸರದಿ. ಇರಲಿ, ಬೆಳಗಿನವರೆಗೂ ಹಾಗೇ ಇರಲಿ ಎಂದು ಮೀಟರನ್ನು ಅಲ್ಲೇ ಬಿಟ್ಟು ಬಾನೆಟ್ ಮುಚ್ಚಿ ಶೆಟರ್ ಎಳೆದೆ. ಅವಳಿಗೆ ಹೇಳಲಿಲ್ಲ. ಸುಮ್ಮನೆ ಯಾಕೆ ಇನ್ನೊಂದು ಚಿಂತೆ?

ಬೆಳಿಗ್ಗೆ ಎದ್ದವನೇ ಮುಖವನ್ನೂ ತೊಳೆಯದೆ ಅಡುಗೆಮನೆಯ ಪಕ್ಕದ ಬಾಗಿಲಿನಿಂದ ಕಾರಿನ ಶೆಡ್ಡಿಗೆ ಹೋದೆ. ಮೀಟರಿನಲ್ಲಿ ಸೊನ್ನೆ. ಬಿಚ್ಚಿ ನೋಡಿದರೆ ಒಳಗಿನ ಫ್ಯೂಸು ಸುಟ್ಟಿತ್ತು. ಅದು ಹತ್ತು ಆಂಪಿಯರ್ ತಡೆಯುವ ಫ್ಯೂಸು. ಕಳ್ಳತನದ ಸಣ್ಣ ಸೋರಿಕೆಗೆ ಅದು ಸುಡುವ ಮಾತೇ ಇಲ್ಲ. ಫ್ಯೂಸು ಹೋದದ್ದರಿಂದ ದಾರಿ ಕಡಿದು ಬ್ಯಾಟರಿ ಉಳಿದುಕೊಂಡಿತ್ತು. ಅಳೆದರೆ ಪೂರ್ತಿ ಚಾರ್ಜು. ಅರೆ, ಇಷ್ಟು ದೊಡ್ಡ ಬಾಯಿ ಯಾವುದಪ್ಪಾ ಎಂದುಕೊಂಡು, ಮೀಟರು ತೆಗೆದು, ತಂತಿಯನ್ನು ನೇರವಾಗಿ ಬ್ಯಾಟರಿಗೆ ಮುಟ್ಟಿಸಿದೆ.

ಎದುರಿನ ಶೆಟರಿನ ಮೇಲೆ ಎರಡೂ ಹೆಡ್‌ಲೈಟು ಭಗ್ಗನೆ ಹೊತ್ತಿಕೊಂಡವು.

ಸಂಜೆ ನಾನೇ ನೋಡಿದ್ದೆ, ದೀಪದ ಸ್ವಿಚ್ಚು ಆಫ್ ಆಗಿತ್ತು. ಈ ಮನೆಯಲ್ಲಿ ಇರುವುದು ಇಬ್ಬರೇ. ಕಾರಿನ ಬಾಗಿಲು ತೆರೆದು ಸ್ವಿಚ್ಚು ತಿರುಗಿಸಿ ದೀಪ ಆರಿಸಿದೆ.

ಅವಳು ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು.

"ನೀನಾ?" ಎಂದೆ.

"ನಾನೇ. ನೀವು ಮಲಗಿದ್ಮೇಲೆ ಹಾಕ್ತಿದ್ದೆ. ನೀವು ಏಳೋಕ್ಮುಂಚೆ ಆರಿಸ್ತಿದ್ದೆ. ನಿನ್ನೆ ಹಾಕಿದ ತಕ್ಷಣ ಆರೋಯ್ತು. ಬ್ಯಾಟರಿ ಸತ್ತೇಹೋಯ್ತು ಅಂದ್ಕೊಂಡೆ. ಆರಿದ ದೀಪನ ಇನ್ನೇನು ಆರಿಸೋದು ಅಂತ ಹಾಗೇ ಬಂದು ಮಲ್ಕೊಂಡೆ."

"ಹುಚ್ಚು ಹಿಡಿದಿದ್ಯೇನೇ ನಿನಗೆ? ಇಲ್ಲಿ ನಾನು ಬ್ಯಾಟರಿ, ಬೆಲ್ಟು ಅಂತ ಸಾಯ್ತಿದೀನಿ. ಹೋಗದೇ ಇದ್ರೆ ಏನಾಗುತ್ತೆ ಗೊತ್ತಾ?"

"ಗೊತ್ತು. ನಿಮಗಿಂತ ಚೆನ್ನಾಗೇ ಗೊತ್ತು," ಎಂದಳು. ದನಿ ಏರಿಸಲಿಲ್ಲ. "ಬೇಡ ರೀ, ಸಾಕಾಯ್ತು ಅಂತ ಎಷ್ಟು ಸಲ ಹೇಳಿದೆ? ನೀವು ಕಿವಿಗೇ ಹಾಕ್ಕೊಳ್ಲಿಲ್ಲ. ಒಂದಿನ ಅಲ್ಲಿ ಸೂಜಿ ಚುಚ್ಚಿಸ್ಕೊಳ್ಳೋದು, ಇನ್ನೊಂದಿನ ಆ ಸುಸ್ತಿಗೆ ಮಲಗೋದು. ಇದರ ಮಧ್ಯೆ ನಾನು ಬದುಕೋದು ಯಾವಾಗ?"

"ಕಾರು ಹತ್ತೋ ಹೊತ್ತಿಗೆ, ಬರಲ್ಲ ಅಂತ ನೇರವಾಗಿ ಅನ್ನಬಹುದಿತ್ತಲ್ಲ?"

"ಅಂದ್ರೆ ನಿಮ್ಮ ಮುಖ ನೋಡೋಕಾಗಲ್ಲ. ಕಾರು ಬರಲ್ಲ ಅಂದ್ರೆ ನೀವು ಕಾರನ್ನ ಬೈತೀರಿ. ಅದಕ್ಕೇನು, ಬೈಸ್ಕೊಳ್ಳುತ್ತೆ."

ನನ್ನ ಪಿತ್ತ ನೆತ್ತಿಗೇರಿತು. ಸಿಟ್ಟಲ್ಲ ಅದು, ಭಯ. ಆದರೆ ನನ್ನ ಬಾಯಲ್ಲಿ ಭಯವೂ ಸಿಟ್ಟಾಗಿಯೇ ಹೊರಗೆ ಬರುತ್ತದೆ. ನಟ್ಟು ಬಿಗಿದೆ, ಬಾನೆಟ್ ಧಡಾರನೆ ಮುಚ್ಚಿದೆ, ಶೆಟರ್ ಎತ್ತಿದೆ, "ಚೀಲ ತಗೊಂಡು ಬಾ, ಮಾತು ಬೇಡ," ಎಂದು ಕೂಗಿ ಕೀಲಿ ತಿರುಗಿಸಿದೆ. ಇಂಜಿನ್ ಮೊದಲ ತಿರುವಿಗೇ ಚಾಲೂ ಆಯಿತು.

ಅವಳು ಬಂದಳು. ಚಪ್ಪಲಿ ಮೆಟ್ಟಿಕೊಂಡು, ಚೀಲ ಹಿಡಿದುಕೊಂಡು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತಳು.

"ನೀವು ಹೋಗೋಣ ಅಂದ್ರೆ ಹೋಗೋಣ," ಎಂದಳು. "ಇವತ್ತೂ ಬರ್ತೀನಿ, ನಾಡಿದ್ದೂ ಬರ್ತೀನಿ. ಇನ್ಮೇಲೆ ದೀಪದ ತಂಟೆಗೆ ಹೋಗಲ್ಲ, ನಿಮ್ಮಾಣೆ. ಆದ್ರೆ ಒಂದ್ಸಲ ನನ್ನ ಕಡೆ ತಿರುಗಿ ನೋಡಿ ಹೇಳಿ."

ನೋಡಿದೆ. ಊದಿದ ಮುಖದಲ್ಲಿ ಕಣ್ಣುಗಳು ಚಿಕ್ಕವಾಗಿದ್ದವು. ಎಡಗೈಯ ತುಂಬ ಸೂಜಿ ಚುಚ್ಚಿದ ಗಂಟುಗಂಟು, ನೀಲಿ, ಹಳದಿ. ದಿನ ಬಿಟ್ಟು ದಿನ ಇದೇ ಕೈಯನ್ನು ಹಿಡಿದು ಕಾರು ಹತ್ತಿಸಿದವನು ನಾನು, ಒಂದು ದಿನವೂ ಇಷ್ಟು ಹೊತ್ತು ನೋಡಿರಲಿಲ್ಲ. ಹೋಗೋಣ ಎನ್ನಲು ಬಾಯಿ ತೆರೆದೆ. ನಾಲಿಗೆ ಹೊರಳಲಿಲ್ಲ. ಬೇಡ ಎನ್ನಲೂ ಆಗಲಿಲ್ಲ. ಯಾವ ಗಂಡ ತಾನೇ ಅದನ್ನು ಹೇಳಿಯಾನು? ಅವಳಿಲ್ಲದ ಮನೆಯಲ್ಲಿ ನಾನು ಏನು ಮಾಡಿಕೊಂಡು ಸಾಯಲಿ?

ಇಂಜಿನ್ ಓಡುತ್ತಲೇ ಇತ್ತು. ನಾನು ಕೈ ಚಾಚಿ ಕೀಲಿಯನ್ನು ಹಿಂದಕ್ಕೆ ತಿರುಗಿಸಿದೆ.

ಅವಳು ತೊಡೆಯ ಮೇಲಿದ್ದ ಚೀಲವನ್ನು ಕಾಲ ಬಳಿ ಇಳಿಸಿದಳು. ಆಮೇಲೆ, "ಒಂದು ಲೋಟ ನೀರು ಕೊಡ್ತೀರಾ? ತುಂಬಾ ಕೊಡಿ," ಎಂದಳು.

ಈ ಕಾಯಿಲೆಯವರು ದಾಹವಾದಾಗೆಲ್ಲ ನೀರು ಕುಡಿಯುವಂತಿಲ್ಲ. ಎಷ್ಟು ಬೇಡಿದರೂ ಗುಟುಕು ಗುಟುಕಾಗಿ ಅಳೆದು ಕೊಡುತ್ತಿದ್ದವನು ನಾನೇ. ಒಳಗೆ ಹೋಗಿ ದೊಡ್ಡ ಲೋಟ ಹುಡುಕಿ, ಕಂಠದವರೆಗೆ ತುಂಬಿಸಿ, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟೆ. ಅವಳು ಲೋಟ ಕೆಳಗಿಳಿಸದೆ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಎಷ್ಟು ತಣ್ಣಗಿದೆ ರೀ," ಎಂದಳು.

ನಾನು ಕಾರಿನ ಬಾಗಿಲು ಹಿಡಿದುಕೊಂಡು ನಿಂತಲ್ಲೇ ಗೊಳೋ ಎಂದು ಅತ್ತೆ.