ನೀರು ಕುಡಿಯದ ಡ್ರೈವರ್

೧

ಈ ಕಥೆಯನ್ನು ಹೇಗೆ ಶುರು ಮಾಡಬೇಕೆಂದು ನನಗೆ ಗೊತ್ತಾಗುತ್ತಿಲ್ಲ. ತಪ್ಪು ನನ್ನದಲ್ಲ, ಸಂಪಾದಕರದು. ಫೋನ್ ಮಾಡಿ, “ವಿಶೇಷಾಂಕಕ್ಕೆ ಒಂದು ಕಥೆ ಬೇಕಲ್ಲ. ವಿಷಯ, ಮನುಕುಲ ಎದುರಿಸುತ್ತಿರುವ ಅತಿದೊಡ್ಡ ಸಮಸ್ಯೆ. ಸ್ವಲ್ಪ ಚಿಕ್ಕದಾಗಿರಲಿ” ಎಂದರು.

ಮೊದಲ ಪ್ರಯತ್ನ: “ಕಗ್ಗತ್ತಲಲ್ಲಿ ನೀಲಿ ಗೋಲವೊಂದು ತೇಲುತ್ತಿತ್ತು.” ಅಷ್ಟು ಎತ್ತರದಿಂದ ನೋಡಿದರೆ ಯಾರ ಮುಖವೂ ಕಾಣಿಸಲಿಲ್ಲ. ಅಳಿಸಿದೆ.

ಎರಡನೆಯದು: ಒಬ್ಬ ವಿಜ್ಞಾನಿ ವೇದಿಕೆಯ ಮೇಲೆ ನಿಂತು ಎಚ್ಚರಿಕೆ ಕೊಡುತ್ತಾನೆ. ಅವನ ಎರಡನೇ ವಾಕ್ಯಕ್ಕೇ ಸಭಿಕರು ಮೊಬೈಲ್ ತೆಗೆದರು. ಮೂರನೆಯದಕ್ಕೆ ನಾನೂ ತೆಗೆದೆ.

ಹೆಂಡತಿ ಎರಡನ್ನೂ ಓದಿ, ಹಾಳೆಗಳನ್ನು ಮೇಜಿನ ಮೇಲಿಟ್ಟಳು. “ಇದರಲ್ಲಿ ಯಾರಿಗೂ ಹಸಿವಾಗಲ್ಲ, ಯಾರೂ ಬಾತ್‌ರೂಮಿಗೆ ಹೋಗಲ್ಲ. ಇವರೆಲ್ಲ ಮನುಷ್ಯರೇನಾ?”

ಹಾಗಾಗಿ, ಓದುಗರೇ, ಕಥೆ ಬಾತ್‌ರೂಮಿನಿಂದ ಶುರುವಾಗುತ್ತದೆ. ಸರಿಯಾಗಿ ಹೇಳಬೇಕೆಂದರೆ, ಬಾತ್‌ರೂಮ್ ಇಲ್ಲದ ಒಂದು ಜಾಗದಿಂದ.

೨

ಅವಳು ಸಿಟಿ ಬಸ್ಸಿನ ಡ್ರೈವರು. ಡಿಪೋದಲ್ಲಿ ಎಲ್ಲರಿಗೂ ಡ್ರೈವರಕ್ಕ. ನಲವತ್ತು ದಾಟಿದ ಹೆಂಗಸು, ಅಗಲವಾದ ಭುಜ, ಹಾರ್ನ್ ಒತ್ತುವುದಕ್ಕೆ ಬಲು ಜಿಪುಣಿ. ಡಿಪೋದಿಂದ ಹೊರಟು, ಮಾರುಕಟ್ಟೆ ಸುತ್ತಿ, ಕಾರ್ಖಾನೆಗಳ ಸಾಲು ಮುಗಿಯುವಲ್ಲಿಗೆ ಹೋಗಿ ತಿರುಗಿ ಬರುವುದು ಅವಳ ರೂಟು.

ಕೊನೆಯ ಸ್ಟಾಪಿನಲ್ಲಿ ಒಂದು ತಗಡಿನ ಚಾವಣಿ, ಎರಡು ಕಲ್ಲುಬೆಂಚು, ಮತ್ತು ಒಂದು ಸಾರ್ವಜನಿಕ ಶೌಚಾಲಯ. ಶೌಚಾಲಯಕ್ಕೆ ಬೀಗ. ಯಾರೋ ನಲ್ಲಿಗಳನ್ನು ಕಿತ್ತುಕೊಂಡು ಹೋದರಂತೆ. ಹೊಸ ನಲ್ಲಿ ಬರುವ ತನಕ ಎಂದು ಹಾಕಿದ ಬೀಗ ಅದು. ಗಂಡು ಡ್ರೈವರುಗಳಿಗೆ ಕಾರ್ಖಾನೆಯ ಹಿಂದಿನ ಗೋಡೆ ಇತ್ತು. ಡ್ರೈವರಕ್ಕ ಕಂಡುಕೊಂಡ ದಾರಿ ಬೇರೆ. ನೀರು ಕುಡಿಯುವುದನ್ನೇ ಬಿಟ್ಟಳು.

(ಇಲ್ಲಿ ನಾನು ಅವಳ ನೀರಿನ ಬಾಟಲಿಯ ಬಗ್ಗೆ ಒಂದು ಸೊಗಸಾದ ಪ್ಯಾರಾ ಬರೆದಿದ್ದೆ. ತುಂಬಿಕೊಂಡು ಹೋಗಿ ತುಂಬಿಕೊಂಡೇ ಬರುವ ಬಾಟಲಿ, ಅದರಲ್ಲಿ ಕುಲುಕುವ ಬಿಸಿಲು ಇತ್ಯಾದಿ. ಅವಳೇ ಹೊಡೆದುಹಾಕಿದಳು. “ಬಾಟಲಿ ಒಯ್ಯೋದೇ ಇಲ್ಲ ನಾನು. ಕಣ್ಣೆದುರಿಗಿದ್ರೆ ಕುಡಿಯೋಣ ಅನ್ಸುತ್ತೆ” ಎಂದಳು.)

೩

ಹೊಟ್ಟೆಯ ಕೆಳಗೆ ಹಿಂಡಿದಂತೆ ನೋವು, ಮೂತ್ರಕ್ಕೆ ಹೋದರೆ ಉರಿ, ಹೋಗದಿದ್ದರೆ ಇನ್ನೂ ಉರಿ. ಮೊದಲ ಸಲ ಹೀಗಾದಾಗ ಅವಳು ಡಿಪೋ ಎದುರಿನ ಔಷಧಿ ಅಂಗಡಿಗೆ ಹೋದಳು. ಅಂಗಡಿ ನಡೆಸುವವಳು ಅವಳದೇ ವಯಸ್ಸಿನವಳು, ಜೊತೆಗೆ ಶಾಲೆಗೆ ಹೋದವಳು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅಂಗಡಿಯೆಲ್ಲ ಹುಡುಕುವವಳು. ಅವಳನ್ನು ಔಷಧಿಯಮ್ಮ ಎನ್ನೋಣ.

“ಡಾಕ್ಟರಿಗೆ ತೋರಿಸು” ಎಂದಳು ಔಷಧಿಯಮ್ಮ.

“ಯಾವಾಗ ತೋರಿಸಲಿ? ಅವರು ಬರೋ ಹೊತ್ತಿಗೆ ನಾನು ಮಾರ್ಕೆಟ್ ಸರ್ಕಲ್ಲಲ್ಲಿ ಸಿಕ್ಕಾಕೊಂಡಿರ್ತೀನಿ.”

“ಒಂದಿನ ರಜೆ ಹಾಕೇ.”

“ಹಾಕಿದ್ರೆ ಈ ರೂಟು ಬೇರೆಯವರಿಗೆ ಹೋಗುತ್ತೆ. ನಂಗೆ ಹೊರಗಿನ ಊರಿನ ಬಸ್ಸು ಕೊಡ್ತಾರೆ, ಮಗಳ ಮುಖ ನೋಡೋದು ವಾರಕ್ಕೊಂದ್ಸಲ. ಏನೋ ಒಂದು ಮಾತ್ರೆ ಕೊಡು ಕಣೇ, ಉರಿ ತಡಿಯೋಕಾಗ್ತಿಲ್ಲ.”

ಔಷಧಿಯಮ್ಮ ಗೆಳತಿಯ ಮುಖ ನೋಡಿದಳು. ಬೆವರಿತ್ತು, ಕೈ ಗಾಜಿನ ಕಟ್ಟೆಯನ್ನು ಬಿಗಿಯಾಗಿ ಹಿಡಿದಿತ್ತು. ಕೊಟ್ಟಳು. “ಪೂರ್ತಿ ಮುಗಿಸಬೇಕು, ಗೊತ್ತಾಯ್ತಾ?”

ಮಾರನೆಯ ದಿನಕ್ಕೇ ಉರಿ ಇಳಿಯಿತು. ಮಾತ್ರೆಗೆ ಹೊಟ್ಟೆ ತೊಳಸುತ್ತಿತ್ತು. ತೊಳಸುವ ಹೊಟ್ಟೆ ಇಟ್ಟುಕೊಂಡು ಬಸ್ ತುಂಬ ಜನರನ್ನು ಕೂರಿಸಿ ಓಡಿಸುವುದು ಹೇಗೆ? ಉಳಿದವನ್ನು ಬಿಟ್ಟುಬಿಟ್ಟಳು. ಮುಂದಿನ ಸಲ ಉರಿ ಬಂದಾಗ ಉಳಿದಿದ್ದನ್ನೇ ನುಂಗಿದಳು. ಅದರ ಮುಂದಿನ ಸಲ ಅದು ಕೆಲಸ ಮಾಡಲಿಲ್ಲ. ಔಷಧಿಯಮ್ಮ ಬೇರೆ ಕೊಟ್ಟಳು, ಸ್ವಲ್ಪ ಸ್ಟ್ರಾಂಗ್. ಆಮೇಲೆ ಇನ್ನೂ ಸ್ವಲ್ಪ ಸ್ಟ್ರಾಂಗ್. ಹೀಗೇ ಕೆಲವು ವರ್ಷ ನಡೆಯಿತು.

೪

ಇಲ್ಲಿ ಔಷಧಿಯಮ್ಮ ಕಥೆಯನ್ನು ನಿಲ್ಲಿಸಿದಳು.

“ನನ್ನನ್ನ ವಿಲನ್ ಮಾಡ್ತಾ ಇದ್ದೀರಾ?”

ಇಲ್ಲಮ್ಮ ಎಂದೆ. (ಮಾಡುತ್ತಿದ್ದೆ. ಕಥೆ ಅರ್ಧಕ್ಕೆ ಬಂದಿದೆ, ಒಬ್ಬ ವಿಲನ್ ಇಲ್ಲದಿದ್ದರೆ ಹೇಗೆ?)

“ಎದುರಿಗೆ ನಿಂತು ನರಳ್ತಾಳೆ. ಇಲ್ಲ ಅನ್ನೋಕೆ ನಿಮಗಾಗುತ್ತಾ? ಆಗೋದಾದ್ರೆ ಬರೀರಿ.”

ನಾನು ಬೇರೆ ವಿಲನ್‌ಗಾಗಿ ಹುಡುಕಲು ಹೊರಟೆ. ಡಿಪೋ ಮ್ಯಾನೇಜರ್ ಒಳ್ಳೆಯ ಅಭ್ಯರ್ಥಿಯಾಗಿದ್ದ: ದಪ್ಪ ಮೀಸೆ, ತಿರುಗುವ ಕುರ್ಚಿ. ಆದರೆ ಆತ ಬೀಗ ತೆಗೆಸಲು ಮೇಲಿನವರನ್ನು ಕೇಳಿ ಕೇಳಿ ಸುಸ್ತಾಗಿದ್ದ. ಮೇಲಿನವರು ನಲ್ಲಿಗೆ ಕಾಯುತ್ತಿದ್ದರು. ನಲ್ಲಿ ಕದ್ದವನನ್ನು ಹಿಡಿಯೋಣವೆಂದರೆ ಅವನು ಈ ಕಥೆಗೆ ಬರಲು ಒಪ್ಪಲಿಲ್ಲ. ಕೊನೆಗೆ ಉಳಿದದ್ದು ಡ್ರೈವರಕ್ಕನ ಮೈಯೊಳಗೆ ಸೇರಿ ಉರಿ ಹಚ್ಚುತ್ತಿದ್ದ ಕ್ರಿಮಿ. ಕಣ್ಣಿಗೆ ಕಾಣದ್ದು, ಮೀಸೆ ಇಲ್ಲದ್ದು, ಒಂದು ಡೈಲಾಗೂ ಹೇಳದ್ದು. ಎಲ್ಲರ ಹಾಗೆ ಅದಕ್ಕೂ ಬದುಕಬೇಕಿತ್ತು, ಅಷ್ಟೇ.

ವಿಲನ್ ಇಲ್ಲದ ಕಥೆ ಓದಿ ನಿಮಗೆ ಅಭ್ಯಾಸವಿಲ್ಲ ಎಂಬುದು ಗೊತ್ತು. ಬರೆದು ನನಗೂ ಇಲ್ಲ.

೫

ಆ ದಿನ ಬೆಳಗಿನಿಂದಲೇ ಅವಳ ಬೆನ್ನಿನ ಒಂದು ಪಕ್ಕ ಸೀಳಿದಂತೆ ನೋಯುತ್ತಿತ್ತು. ಮಾರುಕಟ್ಟೆ ದಾಟುವಾಗ ನಡುಕ ಹತ್ತಿತು. ಸುಡುವ ಬಿಸಿಲಿನಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಕಂಡಕ್ಟರ್ ಮುಂದೆ ಬಂದು, “ಅಕ್ಕಾ, ಯಾಕೆ ಇಷ್ಟು ನಿಧಾನ?” ಎಂದ. ಅವಳಿಗೆ ಎದುರಿನ ರಸ್ತೆ ಎರಡಾಗಿ ಕಾಣುತ್ತಿತ್ತು. ಇಂಡಿಕೇಟರ್ ಹಾಕಿದಳು. ಒಂದು ಸೈಕಲ್ಲು, ಒಂದು ತಳ್ಳುಗಾಡಿ ದಾಟಿ ಹೋಗುವ ತನಕ ಕಾದು, ಬಸ್ಸನ್ನು ಎಡಕ್ಕೆ ತಂದು ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆದು ಇಂಜಿನ್ ಆಫ್ ಮಾಡಿದಳು.

“ಎಲ್ಲರನ್ನೂ ಇಳಿಸಿಬಿಡಪ್ಪ” ಎಂದಳು. ಆಮೇಲೆ ಸ್ಟೇರಿಂಗ್ ಮೇಲೆ ತಲೆಯಿಟ್ಟಳು. ಅದುವರೆಗೆ ಅವಳು ಜಿಪುಣತನದಿಂದ ಒತ್ತುತ್ತಿದ್ದ ಹಾರ್ನ್, ಅವಳ ಹಣೆಯ ಭಾರಕ್ಕೆ, ಯಾರೋ ಬಂದು ಎತ್ತುವ ತನಕ ಕೂಗುತ್ತಲೇ ಇತ್ತು.

(ಅಪಘಾತ ಮಾಡಿಸಿದ್ದರೆ ಕಥೆಗೆ ಕಳೆ ಬರುತ್ತಿತ್ತು ಎಂದು ಸಂಪಾದಕರು ಹೇಳಬಹುದು. ಅವಳು ಬಿಡಲಿಲ್ಲ, ಏನು ಮಾಡಲಿ.)

೬

ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಲಿಲ್ಲ. ಮತ್ತೊಂದು ಕೊಟ್ಟರು. ಅದಕ್ಕೂ ಜಗ್ಗಲಿಲ್ಲ. ಸೋಂಕು ಮೂತ್ರಪಿಂಡ ದಾಟಿ ರಕ್ತಕ್ಕೆ ಇಳಿದಿತ್ತು. ಅವಳ ಗಂಡ ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ದಿನವಿಡೀ ಜನರ ಕಾಲ ಬಳಿ ಕೂತು ಮೆತ್ತಗೆ ಮಾತಾಡಿ ಅಭ್ಯಾಸವಾದವನು. ಡಾಕ್ಟರ್ ಅವನನ್ನು ಕರೆದು ಅವಳ ಹಾಸಿಗೆಯ ಪಕ್ಕದಲ್ಲೇ ಕೂರಿಸಿದರು. ಚಿಕ್ಕ ವಯಸ್ಸಿನ ಡಾಕ್ಟರ್ ಆಕೆ, ಕಣ್ಣ ಕೆಳಗೆ ಕಪ್ಪು.

“ಲ್ಯಾಬಿನಲ್ಲಿ ಆ ಕ್ರಿಮಿ ಮೇಲೆ ನಮ್ಮತ್ರ ಇರೋ ಔಷಧಿಗಳನ್ನೆಲ್ಲ ಹಾಕಿ ನೋಡಿದ್ವಿ. ಹೆಚ್ಚುಕಮ್ಮಿ ಯಾವುದಕ್ಕೂ ಸಾಯ್ತಿಲ್ಲ. ಎಲ್ಲದಕ್ಕೂ ಒಗ್ಗಿಹೋಗಿದೆ.”

“ಅವಳು ಮಾತ್ರೆ ಅರ್ಧಕ್ಕೆ ಬಿಡ್ತಿದ್ಲು ಮೇಡಂ. ಅದಕ್ಕೇನಾ?”

“ಅದೂ ಇರಬಹುದು. ಟೆಸ್ಟ್ ಮಾಡಿಸದೆ ಮತ್ತೆಮತ್ತೆ ತಗೊಂಡಿದ್ದೂ ಇರಬಹುದು. ಹಾಗಂತ ಪೂರಾ ಅವರದೇ ತಪ್ಪು ಅನ್ನೋಕಾಗಲ್ಲ. ಎಲ್ಲೋ ಯಾರೋ, ಇವರು ಮುಖಾನೇ ನೋಡದೇ ಇರೋರು, ನೆಗಡಿಗೆ ಅಂತ ನುಂಗಿದ ಮಾತ್ರೆಯಿಂದ ಗಟ್ಟಿಯಾದ ಕ್ರಿಮಿನೂ ಇವರಿಗೆ ಬಂದಿರಬಹುದು. ಫಾರಂ ಕೋಳಿಗೆ ಹಾಕಿದ ಔಷಧಿಗೆ ಒಗ್ಗಿ ಬಂದಿದ್ದೂ ಇರಬಹುದು. ಯಾರದ್ದು ಅಂತ ಹುಡುಕೋದು?”

ಓದುಗರೇ, ನೀಲಿ ಗೋಲ ಬರೆದಾಗ ನನಗೆ ಕಾಣದೇ ಇದ್ದದ್ದು ಇಲ್ಲಿ ಕಂಡಿತು. ಊರೂರಿನ ಜನ ಒಂದೇ ಹಾಸಿಗೆಯ ಸುತ್ತ ನಿಂತಿದ್ದರು, ಯಾರಿಗೂ ಗೊತ್ತಿಲ್ಲದೆ. (ಈ ವಾಕ್ಯ ಸ್ವಲ್ಪ ಭಾಷಣವಾಯಿತು. ಇರಲಿ, ಅಳಿಸಲು ಮನಸ್ಸು ಬರುತ್ತಿಲ್ಲ.)

“ಒಂದು ಔಷಧಿ ಉಳಿದಿದೆ. ಹಳೇದು. ಕಿವಿಗೆ ಪೆಟ್ಟು ಬೀಳಬಹುದು” ಎಂದರು ಡಾಕ್ಟರ್.

“ಕಿವಿ ಹೋದ್ರೆ ಹೋಗಲಿ, ಕೊಟ್ಬಿಡಿ” ಎಂದ ಗಂಡ.

ಡ್ರೈವರಕ್ಕನಿಗೆ ಪ್ರಜ್ಞೆಯಿತ್ತು. “ಕಿವಿ ಹೋದ್ರೆ ಬಸ್ಸೂ ಹೋಗುತ್ತೆ” ಎಂದಳು. ಗೋಡೆಯ ಕಡೆ ತಿರುಗಿದಳು. ಆ ಕಡೆಗೇ ಮುಖವಿಟ್ಟು, “ಹೂಂ, ಕೊಡಿ” ಎಂದಳು.

೭

ಔಷಧಿಯಮ್ಮ ಎರಡು ಸಲ ಆಸ್ಪತ್ರೆಯ ಗೇಟಿನ ತನಕ ಬಂದು ವಾಪಸು ಹೋಗಿದ್ದಳು. ಮೂರನೇ ಸಲ ಒಳಗೆ ಬಂದಳು. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಡ್ರಿಪ್ ಸರಿಯಾಗಿ ಇಳಿಯುತ್ತಿದೆಯೇ ಎಂದು ನೋಡಿದಳು, ಹೊದಿಕೆ ಸರಿ ಮಾಡಿದಳು, ಮತ್ತೆ ಡ್ರಿಪ್ ನೋಡಿದಳು.

“ನಾನು ಕೊಡಬಾರದಿತ್ತು ಕಣೇ” ಎಂದಳು.

“ಕೇಳಿದ್ದು ನಾನು.”

“ಕೇಳ್ತಾರೆ ಅಂತ ವಿಷ ಕೊಡ್ತೀನಾ?”

“ನೀನು ಕೊಡದೇ ಇದ್ರೆ ಮೂಲೆ ಅಂಗಡಿಗೆ ಹೋಗ್ತಿದ್ದೆ. ಅವನು ಪೂರ್ತಿ ಮುಗಿಸು ಅಂತಾನೂ ಹೇಳ್ತಿರಲಿಲ್ಲ.”

ಔಷಧಿಯಮ್ಮ ಅತ್ತಳು. ಅಳುವವರನ್ನು ನೋಡಿದರೆ ಡ್ರೈವರಕ್ಕನಿಗೆ ಮೊದಲಿನಿಂದಲೂ ಗಾಬರಿ. “ನಿನ್ನ ಕನ್ನಡಕ ತಲೆ ಮೇಲಿದೆ” ಎಂದಳು. ಇಬ್ಬರೂ ನಕ್ಕರು. ನಗುವಾಗ ಬೆನ್ನು ನೋಯುತ್ತಿತ್ತು, ಆದರೂ ನಕ್ಕಳು.

೮

ಈಗ ಮುಕ್ತಾಯ. ನನ್ನ ಬಳಿ ಮೂರಿವೆ.

ಅ) ಅವಳು ಸಾಯುತ್ತಾಳೆ. ಬಸ್ಸುಗಳೆಲ್ಲ ನಿಂತು ಒಟ್ಟಿಗೆ ಹಾರ್ನ್ ಮಾಡುತ್ತವೆ. ನಾನೇ ಬರೆದು ನಾನೇ ಅತ್ತೆ. ಡ್ರೈವರಕ್ಕ ಓದಿ ಹೇಳಿದಳು: “ನನ್ನ ಗಂಡ, ಮಗಳು ಆಮೇಲೇನು ಮಾಡ್ತಾರೆ ಅಂತ ಬರೆದಿಲ್ಲ. ನಿಮಗೆ ಸಾಯಿಸೋದು ಸುಲಭ ಬಿಡಿ.” ಕೈಬಿಟ್ಟೆ.

ಆ) ಪೂರ್ತಿ ಗುಣವಾಗುತ್ತದೆ. ಬೀಗ ತೆಗೆಯಲಾಗುತ್ತದೆ, ಮಂತ್ರಿಗಳು ರಿಬ್ಬನ್ ಕತ್ತರಿಸುತ್ತಾರೆ. ಇದನ್ನು ಓದಿದ ಔಷಧಿಯಮ್ಮನಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು.

ಇ) ನಡೆದದ್ದು. ಹಳೆಯ ಔಷಧಿ ಕೆಲಸ ಮಾಡಿತು. ಜ್ವರ ಇಳಿಯಿತು. ಒಂದು ಕಿವಿ ಮಂದವಾಯಿತು, ಇನ್ನೊಂದರಲ್ಲಿ ಸದಾ ಕುಕ್ಕರ್ ಕೂಗಿದಂತೆ ಸದ್ದು. ದೈಹಿಕ ಪರೀಕ್ಷೆಯಲ್ಲಿ ಅವಳು ಫೇಲಾದಳು. ಡಿಪೋ ಮ್ಯಾನೇಜರ್ ಅವಳನ್ನು ವಿಚಾರಣೆ ಕೌಂಟರಿಗೆ ಹಾಕಿದ. ಮೈಕು, ಫೋನು, ಗಾಜಿನ ಕಿಂಡಿ. ಮೊದಲ ದಿನ ಅವಳು ಊಟದ ಹೊತ್ತಿನಲ್ಲಿ ತನ್ನ ಹಳೆಯ ಬಸ್ಸಿನ ಸೀಟಿನಲ್ಲಿ ಹೋಗಿ ಕೂತಳು. ಯಾರೂ ಎಬ್ಬಿಸಲಿಲ್ಲ. ಎರಡನೇ ದಿನದಿಂದ ಹೋಗಲಿಲ್ಲ. ಈಗ ನೀರು ಕುಡಿಯುತ್ತಾಳೆ. ಕೌಂಟರಿನ ಹಿಂದೆಯೇ ಬಾಗಿಲಿರುವ, ಚಿಲಕವಿರುವ ಒಂದು ಕೋಣೆ ಇದೆ.

ಔಷಧಿಯಮ್ಮ ಡಾಕ್ಟರ ಚೀಟಿ ಇಲ್ಲದೆ ಆ ಮಾತ್ರೆಗಳನ್ನು ಕೊಡುವುದು ನಿಲ್ಲಿಸಿದಳು. ಬೈಯುತ್ತಾ ಹೋದವರು ಮೂಲೆ ಅಂಗಡಿಯಲ್ಲಿ ಕೊಂಡರು. ಮನುಕುಲಕ್ಕೆ ಇದರಿಂದ ಏನಾದರೂ ಆಯಿತೇ? ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಆದರೂ ನಿಲ್ಲಿಸಿದಳು.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಸಂಪಾದಕರು ಕೇಳಿದ ಅಳತೆಯೂ ಮುಗಿಯಿತು.

೯

ಆದರೆ ನಾನು ಪೆನ್ನಿನ ಕ್ಯಾಪ್ ಹಾಕುವಷ್ಟರಲ್ಲಿ ಹೊಸಬಳೊಬ್ಬಳು ಔಷಧಿ ಅಂಗಡಿಯ ಮುಂದೆ ಬಂದು ನಿಂತಳು. ಖಾಕಿ ಬಟ್ಟೆ, ಇನ್ನೂ ಮಾಸದ ಬ್ಯಾಡ್ಜು. ಡ್ರೈವರಕ್ಕನ ರೂಟಿಗೆ ಬಂದವಳು. ನಾನು ಕರೆದಿರಲಿಲ್ಲ.

“ಆಂಟಿ, ಉರಿಗೆ ಏನಾದ್ರೂ ಕೊಡಿ. ಬಸ್ ಹೊರಡ್ಬೇಕು.”

ಔಷಧಿಯಮ್ಮನ ಕೈ ಅಭ್ಯಾಸಬಲದಿಂದ ಹಿಂದಿನ ಕಪಾಟಿನ ಕಡೆ ಹೋಯಿತು. ಅಲ್ಲೇ ನಿಂತಿತು. ಕೊಟ್ಟರೆ ಹುಡುಗಿಗೆ ಇಂದು ಸುಖ. ಕೊಡದಿದ್ದರೆ ಮೂಲೆ ಅಂಗಡಿ ತೆರೆದಿದೆ. ಅವಳು ನನ್ನ ಕಡೆ ನೋಡಿದಳು. ನಾನು ಹಾಳೆಯ ಕಡೆ ನೋಡಿದೆ. ಲೇಖಕನಿಂದ ಏನೂ ಹುಟ್ಟುವುದಿಲ್ಲವೆಂದು ಅರ್ಥವಾದ ಮೇಲೆ ಅವಳು ಕಟ್ಟೆ ದಾಟಿ ಹೊರಗೆ ಬಂದಳು. ಒಂದು ಸ್ಟೂಲ್ ಎಳೆದಳು.

“ಕೂತ್ಕೋಮ್ಮ. ಯಾವಾಗಿಂದ?”

“ಮೂರನೇ ಸಲ ಇದು.”

“ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ. ಮೊದಲು ಟೆಸ್ಟ್ ಆಗಲಿ.”

“ಬಸ್ ಬಿಟ್ಟು ಹೇಗೆ ಬರ್ಲಿ ಆಂಟಿ? ತುಂಬಾ ಜನ ಕೂತಿದಾರೆ.”

ಔಷಧಿಯಮ್ಮ ಡಿಪೋಗೆ ಫೋನ್ ಮಾಡಿದಳು. ಕೌಂಟರಿನಲ್ಲಿ ಎತ್ತಿಕೊಂಡದ್ದು ಡ್ರೈವರಕ್ಕ. ಫೋನನ್ನು ಕೇಳಿಸುವ ಕಿವಿಗೆ ಬದಲಾಯಿಸಿ, “ಜೋರಾಗಿ ಹೇಳೇ” ಎಂದಳು. ಔಷಧಿಯಮ್ಮ ಜೋರಾಗಿ ಹೇಳಿದಳು. ಕೇಳುತ್ತಾ ಕೇಳುತ್ತಾ ಡ್ರೈವರಕ್ಕನ ಬೆನ್ನು ನೆಟ್ಟಗಾಯಿತು.

“ಕರ್ಕೊಂಡು ಹೋಗು. ಇಲ್ಲಿ ನಾನು ನೋಡ್ಕೋತೀನಿ.”

ಅಷ್ಟರಲ್ಲಿ ಗಾಜಿನ ಕಿಂಡಿಯ ಮುಂದೆ ಜನ ಸೇರಿದ್ದರು. ಕಾರ್ಖಾನೆಯ ಪಾಳಿಗೆ ಹೋಗುವವರು, ಕಂಕುಳಲ್ಲಿ ಮಗು ಇದ್ದವಳು, ಸಿಟ್ಟಿಗೆದ್ದ ಒಬ್ಬ ಮುದುಕ. “ಬಸ್ ಯಾಕೆ ಬಿಡ್ತಿಲ್ಲ? ಕಾರಣ ಹೇಳಿ” ಎಂದ ಮುದುಕ.

ಇಂಥ ಸಂದರ್ಭಕ್ಕೆಂದು ಡಿಪೋದಲ್ಲಿ ಒಂದು ವಾಕ್ಯ ತಯಾರಿದೆ: ತಾಂತ್ರಿಕ ಕಾರಣದಿಂದ. ಮ್ಯಾನೇಜರ್ ಒಳಗಿನಿಂದ ಅದನ್ನೇ ಹೇಳುವಂತೆ ಕೈಸನ್ನೆ ಮಾಡಿದ. ನಾನೂ ಅದನ್ನೇ ಬರೆದೆ. ಅವಳು ಹೊಡೆದುಹಾಕಿದಳು.

ಹಾಗಾದರೆ ಏನು ಹೇಳುತ್ತೀಯಕ್ಕ ಎಂದು ಕೇಳಿದೆ. ಇಷ್ಟು ಜನರ ಎದುರು, ಮೈಕಿನಲ್ಲಿ, ಅದನ್ನು ಯಾವ ಮಾತಿನಲ್ಲಿ ಹೇಳುತ್ತೀಯ? ಅವರು ನಗಬಹುದು. ಮುದುಕ ಇನ್ನೂ ಬೈಯಬಹುದು. ಮಗು ಎತ್ತಿಕೊಂಡವಳು ಹತ್ತಿರ ಬರಬಹುದು. ಯಾವುದು ಅಂತ ಬರೆಯಲಿ?

“ನೀವು ಸ್ವಲ್ಪ ಸುಮ್ನಿರಿ” ಎಂದಳು ನನಗೆ. ಮೈಕಿನ ಗುಂಡಿ ಒತ್ತಿದಳು. ಡಿಪೋ ತುಂಬ ಒಂದು ಕೀರಲು ಸದ್ದು ಹಾಯ್ದುಹೋಯಿತು. ಜನ ತಲೆಯೆತ್ತಿದರು.

“ಪ್ರಯಾಣಿಕರೇ, ಸ್ವಲ್ಪ ಇಲ್ಲಿ ಕೇಳಿ” ಎಂದಳು ಡ್ರೈವರಕ್ಕ, ಮತ್ತು ಉಸಿರು ಎಳೆದುಕೊಂಡಳು. ನಾನು ಪೆನ್ನು ಕೆಳಗಿಟ್ಟೆ.