ಬಾಣಲೆಯ ಯಜಮಾನಿ

ಜಪಾನಿನ ಓನೊಮಿಚಿ ಬಂದರಿನಿಂದ ಅರ್ಧ ಗಂಟೆ ಸಾಗಿ, ಸಿಂಪಿ ಸಾಕುವ ತೆಪ್ಪಗಳ ಮಗ್ಗುಲಲ್ಲಿ ದೈಸಾಕು ದೋಣಿಯ ಎಂಜಿನ್ ಆರಿಸಿದ. ಪ್ರತಿ ನವೆಂಬರಿನಲ್ಲೂ ಹೀಗೇ, ದೋಣಿಯಲ್ಲೇ ಮಾಂಸದ ಸುಕಿಯಾಕಿ ಊಟ. ಒಂದೇ ಶಾಲೆಯಲ್ಲಿ ಕಲಿತ ಮೂವರು ಮುದುಕರು, ಪುಟ್ಟದೊಂದು ಗ್ಯಾಸ್ ಒಲೆ, ಕಬ್ಬಿಣದ ಬಾಣಲೆ. ದೋಣಿ ದೈಸಾಕುವಿನದು, ಮಾಂಸ ಮೊಟ್ಟೆ ಕಿನುಯೊಳದು, ಬಾಣಲೆಯ ದರ್ಬಾರು ಮಾತ್ರ ಚಿಗುಸಳದು. ಮೂವತ್ತು ವರ್ಷದಿಂದ ಬಾಣಲೆಯಲ್ಲಿ ಮಾಂಸ ಮಗುಚುವ ಉದ್ದನೆಯ ಕಡ್ಡಿಗಳನ್ನು ಬೇರೆ ಯಾರೂ ಮುಟ್ಟಿದ್ದಿಲ್ಲ. ಮುಟ್ಟಿದರೆ ಕೈಮೇಲೆ ಏಟು ಬೀಳುತ್ತಿತ್ತು.

ಈ ಸಲ ಅವಳು ಒಂದು ಗುಟ್ಟು ಬಚ್ಚಿಟ್ಟುಕೊಂಡು ಬಂದಿದ್ದಳು. ಆಗಸ್ಟಿನಲ್ಲಿ ಬಂದ ಹಾಳು ಜ್ವರ ಹೋಗುವಾಗ ಬಾಯಿರುಚಿಯನ್ನೂ ವಾಸನೆ ಹಿಡಿಯುವ ಮೂಗನ್ನೂ ಹೊತ್ತುಕೊಂಡೇ ಹೋಗಿತ್ತು. ಡಾಕ್ಟರು ನೋಡೋಣ ಅಂದಿದ್ದರು. ಅವರ ‘ನೋಡೋಣ’ಕ್ಕೆ ಮೂರು ತಿಂಗಳಾಯಿತು. ಗೆಳೆಯರಿಗೆ ಅವಳು ಹೇಳಿರಲಿಲ್ಲ. ಹೇಳಿದರೆ ಇಬ್ಬರೂ ಅಯ್ಯೋ ಪಾಪ ಎಂದು ಮೂಲೆಯಲ್ಲಿ ಕೂರಿಸಿ, ಕಡ್ಡಿ ಕಸಿದುಕೊಂಡು, ಬಡಿಸಿ ಕೊಟ್ಟಾರು. ಆ ಮರ್ಯಾದೆ ಅವಳಿಗೆ ಬೇಡವಾಗಿತ್ತು.

ಟೋಕಿಯೋದವರ ಹಾಗೆ ಮನೆಯಲ್ಲೇ ಅಳೆದು ಕಲಸಿದ ಸಾರನ್ನು ಬಾಟಲಿಯಲ್ಲಿ ತರಬಹುದಿತ್ತು. ಆದರೆ ಈ ಕಡೆಯವರಿಗೆ ಅದೂ ಒಂದು ಸುಕಿಯಾಕಿಯೇ? ಬಿಸಿ ಬಾಣಲೆಗೆ ಕೊಬ್ಬು ಸವರಿ, ಮಾಂಸದ ತೆಳು ಹಾಳೆ ಹಾಸಿ, ಅದರ ಮೇಲೇ ಸಕ್ಕರೆ ಉದುರಿಸಿ ಉಪ್ಪುಪ್ಪಾದ ಸೋಯಾ ಸಾಸ್ ಸುರಿಯಬೇಕು. ಅಳತೆಯೆಂದರೆ ನಾಲಿಗೆಯೇ. ಚಿಗುಸ ಒಂದು ತುಣುಕು ಬಾಯಿಗಿಟ್ಟು, ರುಚಿ ತಿಳಿದವಳಂತೆ ತಲೆಯಾಡಿಸಿ, ಸಾಲದೇನೋ ಎಂಬ ಅನುಮಾನಕ್ಕೆ ಇನ್ನಷ್ಟು ಸೋಯಾ ಸುರಿದಳು.

ಗೆಳೆಯರಿಬ್ಬರೂ ಮಾಂಸವನ್ನು ಕಲಕಿದ ಹಸಿ ಮೊಟ್ಟೆಯಲ್ಲಿ ಅದ್ದಿ ತಿಂದರು. ಕಿನುಯೊ ಒಂದರ ಹಿಂದೊಂದು ಎರಡು ಲೋಟ ಚಹಾ ಕುಡಿದಳು. ದೈಸಾಕು ಬಹಳ ಹೊತ್ತು ಅಗಿದು ಹೇಳಿದ:

“ತುಂಬಾ ಚೆನ್ನಾಗಿದೆ ಕಣೆ.”

ಚಿಗುಸಳ ಅಡುಗೆಯನ್ನು ದೈಸಾಕು ಎಂದೂ ಹೊಗಳಿದವನಲ್ಲ. ಒಂದು ವರ್ಷ ಸಿಹಿ ಜಾಸ್ತಿ, ಇನ್ನೊಂದು ವರ್ಷ ಮಾಂಸ ಚಪ್ಪಲಿ ಎನ್ನುತ್ತಿದ್ದ. ಅವಳ ಗಂಡ ಸತ್ತ ವರ್ಷವೂ ತೋಫು ಒಡೆದಿದೆ ಎಂದು ಕೊಂಕು ತೆಗೆದು, ಅಳುತ್ತಿದ್ದವಳನ್ನು ಜಗಳಕ್ಕೆಳೆದು ನಗಿಸಿದ್ದ. ಅಂಥವನ ಬಾಯಲ್ಲಿ ಹೊಗಳಿಕೆ ಬಂತೆಂದರೆ ಗುಟ್ಟು ರಟ್ಟಾದಂತೆಯೇ.

“ಯಾವಾಗ ಗೊತ್ತಾಯ್ತು?” ಎಂದು ಕೇಳಿದಳು ಚಿಗುಸ.

“ಹೋದ ತಿಂಗಳು,” ಎಂದಳು ಕಿನುಯೊ. “ಉಪ್ಪಲ್ಲಿ ನೆನೆಸಿ ತೊಳೀದೇ ಇಟ್ಟ ಮೂಲಂಗೀನ ತಟ್ಟೆ ತುಂಬ ತಿಂದ್ಯಲ್ಲ, ಆವತ್ತೇ. ನೀನಾಗೇ ಹೇಳ್ತೀಯ ಅಂತ ಕಾದ್ವಿ.”

ಚಿಗುಸಳ ಕಣ್ಣು ತುಂಬಿತು. ಉದ್ದ ಕಡ್ಡಿಗಳನ್ನು ಕಿನುಯೊಳ ಕಡೆ ತಳ್ಳಿದಳು. ಕಿನುಯೊ ಕೈ ಚಾಚಲಿಲ್ಲ.

ದೈಸಾಕು ಬಟ್ಟಲು ಕುಕ್ಕಿದ. “ನಾಲಿಗೆ ಕೆಟ್ರೆ ನಿನ್ನ ಕೈಗೇನು ರೋಗ? ಥೂ, ಬರೀ ಉಪ್ಪು. ಇಷ್ಟೂ ಸಮುದ್ರಾನೇ ಸುರಿದಿದ್ದೀಯ. ಎಲೆಕೋಸು ಹಾಕು, ನೀರು ಬಿಡ್ಲಿ.”

ಚಿಗುಸ ಮೂಗೊರೆಸಿಕೊಂಡು ಕಡ್ಡಿ ಎತ್ತಿಕೊಂಡಳು. ಎಲೆಕೋಸು ಹಾಕಿದಳು, ಒಂದಿಷ್ಟು ಸಾಕೆ ಮದ್ಯ ಸುರಿದಳು. ದೈಸಾಕು ಚೀಪಿ ನೋಡಿ ಇನ್ನೂ ಉಪ್ಪೇ ಎಂದ. ಕಿನುಯೊ ಸಕ್ಕರೆ ಸಾಲದು ಎಂದಳು. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅದೇ ಸಂದಿನಲ್ಲಿ ದೈಸಾಕು ಮೆಲ್ಲಗೆ ತನ್ನ ಕಡ್ಡಿಯಿಂದ ಮಾಂಸ ಮಗುಚಲು ಹೋದ. ಚಟ್ಟನೆ ಅವನ ಕೈಮೇಲೆ ಏಟು ಬಿತ್ತು.

“ನಿನ್ನ ಕೂರ್ಸಿರೋದು ರುಚಿ ಹೇಳೋಕೆ. ಬಾಣಲೆಗೆ ಕೈ ಹಾಕ್ಬೇಡ.”

ಅವನು ಕೈ ಉಜ್ಜಿಕೊಳ್ಳುತ್ತ, ತೋಫು ಅತಿಯಾಗಿ ಬೆಂದಿದೆ ಎಂದು ಗೊಣಗಿದ. ಜ್ವರ ಬಿಟ್ಟ ಮೇಲೆ ಮೊದಲ ಸಲ ಚಿಗುಸ, ಆ ಗೊಣಗಾಟ ಕೇಳಿಸಿಕೊಳ್ಳುತ್ತ, ಹೊಟ್ಟೆ ತುಂಬ ಉಂಡಳು.