ಲೆಕ್ಕಕ್ಕೆ ಬಾರದ ಅತ್ತೆಯರು

ಬಿಸಿಲಿಗೆ ಹೋಗಿಬಂದರೆ ನನ್ನ ತಂಗಿ ಇಂದುಮತಿಯ ಎರಡು ಕೆನ್ನೆಗಳೂ ನಡುವಿನ ಮೂಗೂ ಕೆಂಪಾಗಿರುತ್ತಿದ್ದವು. "ಯಾರನ್ನ ನೋಡಿ ನಾಚ್ಕೊಂಡ್ಯೇ?" ಎಂದು ನಾನು ಕಾಡುತ್ತಿದ್ದೆ. ಅವಳು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಆ ಕೆಂಪಿಗೆ ಲೂಪಸ್ ಎಂಬ ಹೆಸರಿದೆ, ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಅದು ಎಂದು ತಿಳಿಯುವಷ್ಟರಲ್ಲಿ ಅವಳ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ಆಗ ಅವಳಿಗೆ ಇಪ್ಪತ್ತಾರು ವರ್ಷ.

ಅಮ್ಮ ಇರಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ. ಮದುವೆಯಾಗಿ ಬೇರೆ ಊರು ಸೇರಿದ್ದ ನಾನು ಓಡಿಬಂದೆ. ನನ್ನ ರಕ್ತ ಅವಳದಕ್ಕೆ ಚೆನ್ನಾಗಿ ಹೊಂದಿತು. ನನ್ನದೊಂದು ಮೂತ್ರಪಿಂಡ ಅವಳಿಗೆ ಹಾಕುವುದೆಂದು ತೀರ್ಮಾನವಾಗಿ ದಿನಾಂಕವೂ ಗೊತ್ತಾಯಿತು. ಅವಳು ಉಳಿದಳೆಂದೇ ನಾನು ತಿಳಿದೆ.

ಕೊನೆಯ ತಪಾಸಣೆಯಲ್ಲಿ ಡಾಕ್ಟರ್ ನಫೀಸಾ ಅಪ್ಪನನ್ನು ಕೇಳಿದರು: "ನಿಮ್ಮ ವಂಶದಲ್ಲಿ ಯಾರಿಗಾದ್ರೂ ಈ ಥರ ಇತ್ತಾ?"

ಅಪ್ಪ ಏಳು ತಲೆಮಾರಿನ ಗಂಡಸರ ಹೆಸರನ್ನು ಬಾಯಿಪಾಠ ಒಪ್ಪಿಸಿದರು. "ಒಬ್ರಿಗೂ ಇಲ್ಲ ಡಾಕ್ಟ್ರೇ. ಎಲ್ಲ ಗಟ್ಟಿಮುಟ್ಟು."

ಅವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅವರ ಮೂವರು ಅಕ್ಕಂದಿರು ಇರಲೇ ಇಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಮೂವರೂ ಸತ್ತದ್ದು ಗಂಡನ ಮನೆಗಳಲ್ಲಿ, ಹಾಗಾಗಿ ಆ ಸಾವುಗಳೂ ಆ ಮನೆಗಳಿಗೇ ಸೇರಿದ್ದವು. ಆದರೆ ತುಂಗತ್ತೆಯ ಬಾತ ಕಾಲುಗಳನ್ನು ನಾನು ಒತ್ತಿದ್ದೆ. ಅವಳ ಕೆನ್ನೆಗಳ ಮೇಲೂ ಇಂದುವಿನದೇ ಕೆಂಪಿತ್ತು. ಉಳಿದಿಬ್ಬರೂ ಹಾಗೆಯೇ ಹೋದರೆಂದು ಅವಳೇ ಹೇಳಿದ್ದಳು. ಇದು ತಿಳಿದರೆ ತಂಗಿಗೆ ಇನ್ನೂ ಒಳ್ಳೆಯ ಮದ್ದು ಸಿಕ್ಕೀತೆಂಬ ಆಸೆಯಿಂದ, ಅಪ್ಪ ಕಣ್ಣಲ್ಲೇ ಗದರಿಸುತ್ತಿದ್ದರೂ ನಾನು ಎಲ್ಲ ಹೇಳಿಬಿಟ್ಟೆ. ಡಾಕ್ಟರು ಪೆನ್ನು ಕೆಳಗಿಟ್ಟರು.

ಆಪರೇಷನ್ ನಿಂತಿತು. ನನ್ನ ರಕ್ತ ವಂಶವಾಹಿ ಪರೀಕ್ಷೆಗೆ ಹೋಯಿತು. ಮೂರು ವಾರಕ್ಕೆ ಬಂದ ಕಾಗದದಲ್ಲಿ ನನಗೆ ಲೂಪಸ್ ಬರುವ 'ಅಪಾಯ ಕಡಿಮೆ' ಎಂದಿತ್ತು. ನಾನು ಕುಣಿಯುವುದೊಂದು ಬಾಕಿ.

"ಈ ಲೆಕ್ಕ ಹಾಕಿರೋದು ದೂರದೇಶದವರ ರಕ್ತ ನೋಡಿಯಮ್ಮ," ಎಂದರು ಡಾಕ್ಟರು. "ಒಂದು ಜನಾಂಗಕ್ಕೆ ಅಪಾಯ ತರೋ ವಂಶವಾಹಿ ಗುರುತು ಇನ್ನೊಂದು ಜನಾಂಗದಲ್ಲಿ ಇಲ್ಲದೇ ಇರಬಹುದು. ನಮ್ಮೋರನ್ನ ಯಾರೂ ಸರಿಯಾಗಿ ನೋಡೇ ಇಲ್ಲ. ಒಂದೇ ಮನೇಲಿ ನಾಲ್ಕು ಹೆಣ್ಣುಮಕ್ಕಳು! ನಾಳೆ ನಿಮಗೇ ಬಂದ್ರೆ ಒಂದೇ ಕಿಡ್ನಿ ಇಟ್ಕೊಂಡು ಏನ್ಮಾಡ್ತೀರಿ?"

"ಬಂದಾಗ ಸಾಯ್ತೀನಿ. ಅವಳು ಈಗ ಸಾಯ್ತಿದಾಳೆ!" ನಾನು ಅವರ ಕಾಲು ಹಿಡಿದೆ. "ಕಾಗದದಲ್ಲಿ ಕಡಿಮೆ ಅಂತಿದೆಯಲ್ಲ, ಅದನ್ನೇ ನಂಬಿ."

"ನೀವು ಅತ್ತೆಯರ ವಿಷಯ ಹೇಳದೇ ಇದ್ದಿದ್ರೆ ಈ ಪರೀಕ್ಷೇನೇ ಮಾಡಿಸ್ತಿರಲಿಲ್ಲ. ಈಗ ತಿಳಿದೂ ತಿಳಿದೂ ನಿಮ್ಮ ಹೊಟ್ಟೆ ಕೊಯ್ಯೋಕೆ ನನ್ನ ಕೈಲಾಗಲ್ಲ," ಎಂದು ನನ್ನ ಕೈ ಬಿಡಿಸಿದರು. ಅವರ ಕಣ್ಣಲ್ಲೂ ನೀರಿತ್ತು. ಅದನ್ನು ಕಟ್ಟಿಕೊಂಡು ನನಗೇನಾಗಬೇಕಿತ್ತು?

ಇನ್ನೆರಡು ಆಸ್ಪತ್ರೆ ಅಲೆದೆ. ಅಲ್ಲಿ ಬಾಯಿ ಹೊಲಿದುಕೊಂಡು ಕುಳಿತೆ. ಹಳೆಯ ಕಾಗದ ಕೇಳಿದರು. ಅದರಲ್ಲಿ ಎಲ್ಲವೂ ಬರೆದಿತ್ತು.

"ಬಾಯಿ ಬಿಟ್ರೆ ಬಣ್ಣಗೇಡು ಅಂತ ಸುಮ್ನೆ ಅಂತಾರಾ? ನಿನ್ನನ್ನ ಕೇಳಿದ್ದು ಯಾರು?" ಎಂದು ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂಗಾಡಿದರು. ಆಮೇಲೆ ಅಲ್ಲೇ ಕುಳಿತು ಅತ್ತರು. ನನಗೂ ನನ್ನ ನಾಲಗೆಯನ್ನು ಕಿತ್ತೆಸೆಯಬೇಕೆನಿಸಿತ್ತು.

ಇಂದುಮತಿ ಹನ್ನೊಂದು ತಿಂಗಳು ಡಯಾಲಿಸಿಸ್ ಯಂತ್ರದ ಪಕ್ಕ ಬದುಕಿದಳು. ಒಂದು ಮಧ್ಯಾಹ್ನ ಕೇಳಿದಳು: "ಅಕ್ಕಾ, ನೀನು ಹೇಳದೇ ಇದ್ದಿದ್ರೆ ಇಷ್ಟೊತ್ತಿಗೆ ನಾನು ಓಡಾಡ್ಕೊಂಡಿರ್ತಿದ್ನಲ್ವಾ?"

"ಹೂಂ," ಎಂದೆ.

"ಈಗಲಾದ್ರೂ ಒಂದು ಸುಳ್ಳು ಹೇಳ್ಬಾರ್ದಾ?"

ಅವಳು ಗೋಡೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ತಿರುಗದೆಯೇ ಕೈ ಚಾಚಿ ನನ್ನ ಕೈ ಹುಡುಕಿದಳು. ಮರುವಾರ ಹೋದಳು.

ಇದಾಗಿ ಹತ್ತೊಂಬತ್ತು ವರ್ಷ. ನನಗೂ ಲೂಪಸ್ ಬಂತೇ ಎಂದು ವರ್ಷಕ್ಕೊಮ್ಮೆ ಡಾಕ್ಟರ್ ನಫೀಸಾ ನನ್ನ ರಕ್ತ ಪರೀಕ್ಷಿಸುತ್ತಾರೆ. ಮೊನ್ನೆಯೂ ಕರೆದರು. ಕಾಗದವನ್ನು ಮೇಜಿನ ಮೇಲೆ ನನ್ನತ್ತ ಸರಿಸಿ, ಕಿಟಕಿಯ ಕಡೆ ನೋಡುತ್ತ ಕುಳಿತರು. ನನ್ನ ಎರಡೂ ಮೂತ್ರಪಿಂಡಗಳು ಚೆನ್ನಾಗಿ ಕೆಲಸ ಮಾಡುತ್ತಿವೆ.